ಕಾಶೀಬಾಯಿ ಕೊಡದ ಔಷಧಿ

ಬೆಳಗಿನ ಏಳೂವರೆ ಗಂಟೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಹಾರ್ಬೋರ್ನ್ ಬಡಾವಣೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಪಾಳಿ ಮುಗಿಸಿದ ನರ್ಸ್‌ಗಳು ಜಾಕೆಟ್ಟಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು ಮನೆಯತ್ತ ನಡೆಯುತ್ತಿದ್ದಾರೆ. ಹೈಸ್ಟ್ರೀಟಿನಿಂದ ಒಳಕ್ಕೆ ತಿರುಗುವ ಸಣ್ಣ ರಸ್ತೆಯಲ್ಲಿ ಚೀನೀ ಗಿಡಮೂಲಿಕೆ ಅಂಗಡಿಯೊಂದರ ದೀಪ ಮಾತ್ರ ಉರಿಯುತ್ತಿದೆ. ಒಳಗೆ ಕಾಶೀಬಾಯಿ ಸ್ವೆಟರಿನ ತೋಳು ಮೇಲೇರಿಸಿ, ಒಣಗಿದ ತೊಗಟೆಯ ತುಂಡೊಂದನ್ನು ಲಟಕ್ಕನೆ ಮುರಿಯುತ್ತಾರೆ. ಮುರಿದ ಎರಡು ತುಂಡುಗಳ ನಡುವೆ ಬೆಳ್ಳಿಬಣ್ಣದ ಸಣ್ಣ ಎಳೆಗಳು ಹಿಗ್ಗುತ್ತವೆ.

“ಹಿಂಗ ಎಳಿ ಬಂತಂದ್ರ ಮಾಲು ಖರೇ ಐತಿ ಅಂತ ರೀ. ಬರಲಿಲ್ಲಂದ್ರ ವಾಪಸ್ ಕಳಸೂದು. ಸೊಂಟಕ್ಕ ಬಲ ಬರ್ತೈತಿ ಅಂತ ಕೊಡ್ತಾರ ಇದನ್ನ.”

ಐವತ್ತಾರು ವರ್ಷದ ಕಾಶೀಬಾಯಿ ಗುಳೇದಗುಡ್ಡದ ನೇಕಾರರ ಮನೆಯ ಮಗಳು. ಎಂಜಿನಿಯರ್ ಪತಿ ಚಿದಾನಂದ ಅವರೊಂದಿಗೆ ಬರ್ಮಿಂಗ್‌ಹ್ಯಾಮ್‌ಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮೊದಲು ಲಾಂಡ್ರಿಯೊಂದರಲ್ಲಿ ಕೆಲಸ. ಒದ್ದೆ ಚಾದರ ಎತ್ತಿ ಎತ್ತಿ ಭುಜ ಹಿಡಿದುಕೊಂಡಾಗ ಸೂಜಿ ಚಿಕಿತ್ಸೆಗೆಂದು ಈ ಅಂಗಡಿಗೆ ಬಂದವರು, ಅಂಗಡಿಯ ಚೀನೀ ವೈದ್ಯೆ ಲಿನ್ ಅವರಿಗೆ ಸಹಾಯಕಿ ಬೇಕಾಗಿದ್ದಾರೆಂದು ತಿಳಿದು ಇಲ್ಲೇ ನಿಂತರು. ಅದು ಹನ್ನೊಂದು ವರ್ಷದ ಹಿಂದಿನ ಮಾತು. ಗೋಡೆಯುದ್ದಕ್ಕೂ ನೂರ ತೊಂಬತ್ತೆರಡು ಮರದ ಡ್ರಾಯರುಗಳು. ಎಲ್ಲದರ ಮೇಲೂ ಚೀನೀ ಅಕ್ಷರ. ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಚಿತ್ರದಂತೆ ಬಿಡಿಸಿ, ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಬರೆದು ಕಲಿಯಲು ಎರಡು ವರ್ಷ ಹಿಡಿಯಿತು.

ಚಳಿಗಾಲದಲ್ಲಿ ದಿನಕ್ಕೆ ನಲವತ್ತು ಪೊಟ್ಟಣ ತೂಗುತ್ತಾರೆ. ಚೀನೀ ವೈದ್ಯದ ಪ್ರಕಾರ ಇದು ಮೂತ್ರಪಿಂಡದ ಕಾಲ. ದೇಹದ ಮೂಲಶಕ್ತಿ ಅಲ್ಲಿ ಅಡಗಿರುತ್ತದೆ, ಚಳಿಯಲ್ಲಿ ಅದನ್ನು ಖರ್ಚು ಮಾಡದೆ ಕಾಯ್ದುಕೊಳ್ಳಬೇಕು ಎಂಬುದು ಆ ವೈದ್ಯರ ನಂಬಿಕೆ. ಅದಕ್ಕೇ ಬೇಗ ಮಲಗು, ಸೊಂಟಕ್ಕೂ ಪಾದಕ್ಕೂ ಚಳಿ ತಾಗಿಸಬೇಡ, ಕರಿ ಎಳ್ಳು, ಅಕ್ರೋಟು ತಿನ್ನು ಎನ್ನುತ್ತಾರೆ.

“ನಮ್ಮ ಅವ್ವನೂ ಸಂಕ್ರಾಂತಿಗೆ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚತಿದ್ಲು. ಮೈ ಬೆಚ್ಚಗಿರಲಿ ಅಂತ. ಲಿನ್ ಅಕ್ಕಾರಿಗೆ ಹೇಳಿದ್ರ, ನಿಮ್ಮವ್ವ ಅರ್ಧಾ ಚೀನಾದಾಕಿ ಅಂತ ನಕ್ರು,” ಎಂದು ಕಾಶೀಬಾಯಿ ತಾವೂ ನಗುತ್ತಾರೆ.

ಅವರ ಹೆಸರು ನನ್ನ ಕಿವಿಗೆ ಬಿದ್ದದ್ದು ಮಾತ್ರ ಔಷಧಿ ಕೊಟ್ಟದ್ದಕ್ಕಲ್ಲ.

ಹೋದ ಜನವರಿಯ ಒಂದು ಮಂಗಳವಾರ. ಲಿನ್ ಲೀಡ್ಸ್‌ಗೆ ಹೋಗಿದ್ದರು. ಬೆಂಗಳೂರು ಮೂಲದ ಸಾಫ್ಟ್‌ವೇರ್ ಉದ್ಯೋಗಿ ಜಯಪ್ರಕಾಶ ಅಂಗಡಿಗೆ ಬಂದರು. ಸುಸ್ತು, ಸೊಂಟನೋವು. ‘ಚಳಿಗಾಲದ ಕಿಡ್ನಿ ಟಾನಿಕ್’ ಎಂಬ ವಿಡಿಯೋ ನೋಡಿ, ಆನ್‌ಲೈನ್‌ನಲ್ಲಿ ತರಿಸಿದ ಪುಡಿಯನ್ನು ಮೂರು ತಿಂಗಳಿಂದ ಕುಡಿಯುತ್ತಿದ್ದರು. ಅದಕ್ಕಿಂತ ಸ್ಟ್ರಾಂಗ್ ಆದದ್ದು ಬೇಕಿತ್ತು.

ಅವರು ಜೊತೆಗೆ ತಂದಿದ್ದ ಪುಡಿಯ ಚೀಲವನ್ನು ಕಾಶೀಬಾಯಿ ತಿರುಗಿಸಿ ನೋಡಿದರು. ಒಳಗೇನಿದೆ ಎಂದು ಎಲ್ಲೂ ಬರೆದಿರಲಿಲ್ಲ. ಜಯಪ್ರಕಾಶರ ಕಣ್ಣಿನ ಸುತ್ತ ಊದಿತ್ತು, ಪಾದ ಹಿಡಿಸದೆ ಬೂಟಿನ ಲೇಸು ಸಡಿಲ ಬಿಟ್ಟಿದ್ದರು. ಕೇಳಿಕೊಂಡೇ ಮೊಣಕಾಲ ಕೆಳಗೆ ಹೆಬ್ಬೆರಳಿಂದ ಒತ್ತಿದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು.

“ಉಚ್ಚಿ ಹೊಯ್ದಾಗ ನೊರಿ ಬರ್ತೈತೇನ್ರಿ?”

ಜಯಪ್ರಕಾಶರ ಮುಖ ಕೆಂಪಾಯಿತು. “ಅದೆಲ್ಲಾ ಯಾಕ್ರೀ? ಔಷಧಿ ಕೊಡಿ ಸಾಕು.”

“ಕೊಡೂದಿಲ್ರಿ. ಮೊದಲ ನಿಮ್ಮ GP ಡಾಕ್ಟರ್ ಕಡೆ ಹೋಗ್ರಿ. ಇವತ್ತ ಹೋಗ್ರಿ.”

“ನೀವೇನು ಡಾಕ್ಟರಾ?”

“ಅಲ್ಲ. ಅದಕ್ಕ ಕೊಡೂದಿಲ್ಲ ಅಂತೀನಿ.”

ಅವರು ಬಾಗಿಲು ಬಡಿದು ಹೋದರು. ಸಂಜೆಯೊಳಗೆ ಅಂಗಡಿಗೆ ಒಂದು ಸ್ಟಾರಿನ ರಿವ್ಯೂ ಬಿತ್ತು: ಕೌಂಟರಿನ ಹೆಂಗಸು ಒರಟು, ಅಸಹ್ಯ ಪ್ರಶ್ನೆ ಕೇಳುತ್ತಾಳೆ. ಕಾಶೀಬಾಯಿ ಅದನ್ನು ಮೂರು ಸಲ ಓದಿದರು.

ಆ ಪ್ರಶ್ನೆಯನ್ನು ಅವರು ಕಲಿತದ್ದು ಪುಸ್ತಕದಿಂದಲ್ಲ. ಅಕ್ಕ ಚನ್ನಮ್ಮ ಊರಿನಲ್ಲಿ ಯಾರೋ ಕೊಟ್ಟ ಹೆಸರಿಲ್ಲದ ಪುಡಿಯನ್ನು ವರ್ಷಗಟ್ಟಲೆ ತಿಂದರು. ಕಾಲು ಊದಿದಾಗ ನಡೆದದ್ದು ಹೆಚ್ಚಾಯಿತು ಅಂದುಕೊಂಡರು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಎರಡೂ ಮೂತ್ರಪಿಂಡ ಸೋತಿದ್ದವು. “ಫೋನಿನಾಗ ನನಗ ಹೇಳಿದ್ಲು ರೀ, ಕಾಶೀ, ನೊರಿ ಬರ್ತೈತಿ ಅಂತ. ನನಗೇನ ತಿಳೀತಿತ್ತು ಆವಾಗ? ಬಿಸಿನೀರು ಕುಡಿ ಅಂದೆ.” ಇಷ್ಟು ಹೇಳಿ ಕಾಶೀಬಾಯಿ ತಕ್ಕಡಿ ಒರೆಸುತ್ತಾರೆ. ಅದನ್ನು ಆಗಲೇ ಒರೆಸಿಯಾಗಿತ್ತು.

ಒಂಬತ್ತನೆಯ ದಿನ ಜಯಪ್ರಕಾಶರ ಪತ್ನಿ ಶೋಭಾ ಅಂಗಡಿಗೆ ಬಂದರು. ಗಂಡ ಒಪ್ಪದಿದ್ದರೂ ಇವರೇ ಹಟ ಹಿಡಿದು GP ಬಳಿ ಕರೆದೊಯ್ದಿದ್ದರು. ರಕ್ತಪರೀಕ್ಷೆಯಾದ ಮರುದಿನವೇ ಆಸ್ಪತ್ರೆಯಿಂದ ಕರೆ ಬಂತು. ಮೂತ್ರಪಿಂಡದ ಶಕ್ತಿ ಮೂರನೇ ಒಂದು ಭಾಗಕ್ಕೆ ಇಳಿದಿತ್ತು, ರಕ್ತದೊತ್ತಡ ವಿಪರೀತ ಏರಿತ್ತು.

“ಪುಡಿ ತಕ್ಷಣ ನಿಲ್ಲಿಸಿ ಅಂದ್ರು ಆಂಟಿ. ಇನ್ನೂ ಎರಡು ತಿಂಗಳು ಹೀಗೇ ಬಿಟ್ಟಿದ್ರೆ ಡಯಾಲಿಸಿಸ್ಸೇ ಅಂತೆ,” ಎನ್ನುತ್ತಾ ಶೋಭಾ ಕೌಂಟರಿಗೆ ಒರಗಿ ಅತ್ತರು. ಕಾಶೀಬಾಯಿ ಅವರಿಗೆ ಕುರ್ಚಿ ಹಾಕಿ, ಶುಂಠಿ ಹಾಕಿದ ಚಹಾ ಕೊಟ್ಟರು.

ಜಯಪ್ರಕಾಶ ಸ್ವತಃ ಬರಲು ನವೆಂಬರ್ ತನಕ ಕಾಯಬೇಕಾಯಿತು. ಮಾತ್ರೆ, ಉಪ್ಪಿಲ್ಲದ ಊಟ. ಮೂತ್ರಪಿಂಡದ ಶಕ್ತಿ ಈಗ ಇನ್ನಷ್ಟು ಕೆಳಗಿಳಿಯದೆ ನಿಂತಿದೆ. ಬಾಗಿಲಲ್ಲೇ ನಿಂತು, “ಆಸ್ಪತ್ರೆಯಿಂದ ಫೋನ್ ಬಂದ ದಿನವೇ ರಿವ್ಯೂ ತೆಗೆದಿದ್ದೆ. ಬಂದು ಹೇಳೋಕೆ ಮುಖ ಇರಲಿಲ್ಲ,” ಎಂದರಂತೆ. ಈ ಚಳಿಗೆ ತನಗೇನಾದರೂ ಇದೆಯೇ ಎಂದೂ ಮೆಲ್ಲಗೆ ಕೇಳಿದರಂತೆ.

“ಕಾಲಿಗೆ ಬೆಚ್ಚನ ಸಾಕ್ಸ್ ಹಾಕ್ಕೊಳ್ರಿ, ಲಗೂ ಮಲಕೊಳ್ರಿ ಅಂದೆ. ಎಳ್ಳು, ಅಕ್ರೋಟು ಎಲ್ಲಾ ನಿಮ್ಮ ಆಸ್ಪತ್ರಿ ಡಯಟೀಶಿಯನ್‌ನ ಕೇಳಿ ತಿನ್ರಿ ಅಂದೆ. ಲಿನ್ ಅಕ್ಕಾರೂ ಅದನ್ನ ಹೇಳಿದ್ರು.”

ಹೊರಗೆ ಬೆಳಕಾಗಿದೆ. ಮೊದಲ ಗಿರಾಕಿ ಬಾಗಿಲು ತಳ್ಳುವ ಮುನ್ನ ಕೇಳುತ್ತೇನೆ: ಹೀಗೆ ಇನ್ನೆಷ್ಟು ಜನರನ್ನು ವಾಪಸ್ ಕಳಿಸಿದ್ದೀರಿ?

“ಈ ಚಳಿಗಾಲದಾಗ ಏಳು ಮಂದಿ ರೀ,” ಎನ್ನುತ್ತಾರೆ. ಮುಗುಳ್ನಗುತ್ತಾ ಸೇರಿಸುತ್ತಾರೆ: “ಒಬ್ಬರೂ ಸಿಟ್ಟಾಗಲಿಲ್ಲ. ಈಗ ಚಂದಾಗಿ ಹೇಳಾಕ ಕಲ್ತೀನಿ.”