ಊದುಬತ್ತಿ ಕಚ್ಚಿದ ಪಿಸ್ತೂಲು

ನನಗೆ ಮೊಮ್ಮಗಳು ಹುಟ್ಟಲು ಒಂದು ಪಿಸ್ತೂಲು ಕಾರಣ. ನಗಬೇಡಿ, ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸುತ್ತಿದ್ದೆ. ಓದಿದ್ದು ಮೂರನೇ ಕ್ಲಾಸು. ಹುಚ್ಚು ಮಾತ್ರ ಮಹಾರಾಜರದು: ಬ್ರಿಟಿಷ್ ಸೈನ್ಯದ ಹಳೇ ಪಿಸ್ತೂಲುಗಳನ್ನು ಕೂಡಿಡುವುದು. ಭಾನುವಾರದ ಗುಜರಿಯಲ್ಲಿ ಎಷ್ಟೋ ವರ್ಷ ಕೆದಕಿ ಸಿಕ್ಕಿದ್ದು ಮೂರು. ಒಂದಕ್ಕೆ ನಳಿಗೆ ಇಲ್ಲ, ಇನ್ನೊಂದಕ್ಕೆ ನಳಿಗೆ ಬಿಟ್ಟು ಏನೂ ಇಲ್ಲ. ಮೂರನೆಯದು ರಾಜಾ! ಹಿಡಿಗೆ ಹಿತ್ತಾಳೆ ಟೋಪಿ, ಪಕ್ಕದಲ್ಲಿ ಕಿರೀಟದ ಮುದ್ರೆ. ಚಕಮಕಿ ಕಲ್ಲು ಕಚ್ಚುವ ದವಡೆ ಮಾತ್ರ ನಮ್ಮಜ್ಜನ ಬಾಯಿಯ ಹಾಗೆ ಖಾಲಿ.

ಆಯುಧಪೂಜೆಯ ದಿನ ನನ್ನವಳು ಈಳಿಗೆಮಣೆ, ಸೈಕಲ್ಲು, ಸ್ಪ್ಯಾನರುಗಳ ಜೊತೆ ಅದನ್ನೂ ಇಟ್ಟು ವಿಭೂತಿ ಬಳಿದಳು. ಖಾಲಿ ದವಡೆಗೆ ಎರಡು ಊದುಬತ್ತಿ ಸಿಕ್ಕಿಸಿದಳು. ಇಂಗ್ಲೆಂಡಿನ ರಾಜನ ಆಯುಧಕ್ಕೆ ನಮ್ಮ ಮನೆಯಲ್ಲಿ ಸಿಕ್ಕ ಉದ್ಯೋಗ ಅದು.

ಅಷ್ಟರಲ್ಲಿ ವಿಜಯನಗರದಿಂದ ಸುದ್ದಿ ಬಂತು. ಮಗಳನ್ನು ನೋಡಲು ಇನ್ನರ್ಧ ಗಂಟೆಯಲ್ಲೇ ಬರುತ್ತಾರಂತೆ. ಗಂಡಿನ ತಂದೆ ಮೇಷ್ಟರು, ಬಲು ಸಾತ್ವಿಕರು. ಅದಾಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ನನ್ನವಳು ಬೆವತುಹೋದಳು.

"ರೀ, ಆ ಪೀಡೆ ಒಳಗಿಡ್ರೀ. ಕೊಲೆಗಾರರ ಮನೆ ಅಂದ್ಕೋತಾರೆ."

"ಪೂಜೆಗಿಟ್ಟಿದ್ದನ್ನ ನಾಳೆ ಮಂಗಳಾರತಿವರೆಗೂ ಕದಲಿಸ್ಬಾರ್ದು ಅಂತ ವರ್ಷಾ ವರ್ಷಾ ಬೈಯೋಳು ನೀನೇ ಕಣೇ!"

ಅವಳು ದೇವರನ್ನೂ ನನ್ನನ್ನೂ ಒಟ್ಟಿಗೆ ಬೈದು, ಪಿಸ್ತೂಲಿನ ಮೇಲೆ ಎರಡು ಮೊಳ ಸೇವಂತಿಗೆ ಹೊದಿಸಿದಳು. ಗಾಬರಿಯಲ್ಲಿ ಊದುಬತ್ತಿ ಆರಿಸುವುದನ್ನು ಮರೆತಳು. ಮೇಷ್ಟರು ಮಗನ ಸಮೇತ ಬಂದು ಕೂತು ಉಪ್ಪಿಟ್ಟಿಗೆ ಕೈ ಹಾಕುವಷ್ಟರಲ್ಲಿ ಹೂವು ಸುಟ್ಟ ವಾಸನೆ ಬರತೊಡಗಿತು. ಅವರೇ ಎದ್ದು ಹೂವು ಸರಿಸಿದರು.

"ಏನ್ರೀ ಇದು?"

ನಾನು ಥಟ್ಟನೆ ಒಂದು ಕತೆ ಕಟ್ಟಿದೆ. "ಟಿಪ್ಪು ಮೇಲೆ ಹಾರಿಸಿದ್ದು ಸಾರ್. ನಮ್ಮ ಮುತ್ತಜ್ಜ ಕಿತ್ಕೊಂಡ್ ಬಂದ್ರು."

ತಲೆ ತಗ್ಗಿಸಿ ಕಾಫಿ ತರುತ್ತಿದ್ದ ಮಗಳು ಗಕ್ಕನೆ ತಲೆ ಎತ್ತಿದಳು. "ಅಪ್ಪ, ಸುಳ್ಳು ಯಾಕ್ ಹೇಳ್ತೀರಾ? ಗುಜರೀಲಿ ತಂದಿದ್ದು." ತಟ್ಟೆ ಕೆಳಗಿಟ್ಟು ಹುಡುಗನಿಗೆ ಬೆರಳು ಮಾಡಿ ತೋರಿಸಿಯೇಬಿಟ್ಟಳು. "ನೋಡಿ, ಇಲ್ಲಿ ಕಲ್ಲು ಕಚ್ಚಿಸ್ತಾರೆ. ಅದು ಈ ಉಕ್ಕಿಗೆ ಹೊಡೆದ್ರೆ ಕಿಡಿ ಹಾರಿ ಮದ್ದಿಗೆ ಬೀಳತ್ತೆ. ಮಳೇಲಿ ಹತ್ಕೊಳಲ್ಲ. ಆಗ ತಿರುಗಿಸಿ ಹಿಡ್ಕೊಂಡು ಈ ಹಿತ್ತಾಳೇಲಿ ತಲೆಗೆ ಕುಟ್ಬೇಕು."

ನನ್ನವಳು ಗೋಡೆಗೆ ಒರಗಿದಳು. ಮೂರನೇ ಸಂಬಂಧವೂ ಹೋಯಿತು ಅಂದುಕೊಂಡೆ.

ಅಷ್ಟು ಹೊತ್ತು ಗೊಂಬೆಯ ಹಾಗೆ ಕೂತಿದ್ದ ಹುಡುಗ ಬಾಯಿ ಬಿಟ್ಟ. "ನಿಮಗೆ ಕುಟ್ಟೋಕ್ ಬರತ್ತಾ?"

"ಇನ್ನೂ ಯಾರೂ ಸಿಕ್ಕಿಲ್ಲ."

ಮೇಷ್ಟರು ನಕ್ಕ ರಭಸಕ್ಕೆ ಉಪ್ಪಿಟ್ಟು ನೆತ್ತಿಗೇರಿತು. ನೀರು ಕುಡಿದು ಸುಧಾರಿಸಿಕೊಂಡು ಅಂದರು: "ವರದಕ್ಷಿಣೆ ಗಿರದಕ್ಷಿಣೆ ಏನೂ ಬೇಡ. ಹುಡುಗಿ ಜೊತೆ ಇದನ್ನ ಕಳಿಸ್ಬಿಡಿ ಸಾಕು."

ಮದುವೆ ದಿನ ನಾನು ಗಳಗಳ ಅತ್ತೆ. ಜನ ಮಗಳಿಗಾಗಿ ಅಂದುಕೊಂಡರು. ಪಿಸ್ತೂಲು ವಿಜಯನಗರದ ಗೋಡೆ ಏರಿತು. ಪ್ರತಿ ಭಾನುವಾರ ಸೈಕಲ್ ತುಳಿದು ಹೋಗಿ ಅದರ ಧೂಳು ಒರೆಸಿ ಬರುತ್ತಿದ್ದೆ.

ಆಮೇಲೆ ಮೊಮ್ಮಗಳು ಹುಟ್ಟಿದಳು! ಬಾಣಂತನ ಮುಗಿದು ತಾಯಿ ಮಗು ಗಂಡನ ಮನೆಗೆ ಹೋದ ಮೇಲಿನ ಭಾನುವಾರ ನಾನೂ ಓಡಿದೆ. ಅವಳು ನನ್ನ ಮೀಸೆ ಹಿಡಿದು ಜಗ್ಗಿದಳು, ಹೊಸ ಪಂಚೆ ಒದ್ದೆ ಮಾಡಿದಳು, ಬೊಚ್ಚು ಬಾಯಿ ಬಿಟ್ಟು ನಕ್ಕಳು. ಸಂಜೆ ಮನೆಗೆ ಬಂದೆ. ನನ್ನವಳು ಚುಚ್ಚಿದಳು.

"ಪಿಸ್ತೂಲಿನ ಧೂಳು ಒರೆಸಿದ್ರಾ?"

"ಯಾವ ಪಿಸ್ತೂಲು?" ಅಂದೆ.