ಬಾಣಂತಿ ಕೋಣೆಯಿಂದ ನಡೆಸಿದ ಕಂಪ್ಯೂಟರು

ಮಗಳು ಹುಟ್ಟಿದ ಮೇಲೆ ಅವ್ವ ನನ್ನನ್ನು ನಿಡೋಣಿಯ ತವರುಮನೆಯ ಒಳಕೋಣೆಗೆ ಹಾಕಿ, ಕಿವಿಗೆ ಸ್ಕಾರ್ಫು ಬಿಗಿದು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಕಿಟಕಿ ಮುಚ್ಚಿಬಿಟ್ಟಳು. ಬಾಣಂತಿ ಹೊಸ್ತಿಲು ದಾಟಬಾರದು, ಗಾಳಿ ಸೋಕಬಾರದು, ಓದಬಾರದು. ಅಳ್ವಿ ಬೀಜದ ಪಾಯಸ ಕುಡಿಯಬೇಕು, ಕೂಸಿಗೆ ಹಾಲು ಕೊಡಬೇಕು, ಮಲಗಬೇಕು. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯ ಮೇಲೆ. ಆ ಕತ್ತಲೆಯಲ್ಲಿ ಮಲಗಿ ಮಲಗಿ ಅವ್ವನ ಮೇಲೆ ಹರಿಹಾಯುವುದೇ ನನ್ನ ಕೆಲಸವಾಯಿತು.

ಆದರೆ ನನ್ನ ಎಂ.ಟೆಕ್. ಪ್ರಾಜೆಕ್ಟು ಬಾಣಂತನ ಮುಗಿಯುವ ತನಕ ಕಾಯುವಂತಿರಲಿಲ್ಲ. ತಿಕೋಟಾ ರಸ್ತೆಯ ಪಕ್ಕದ ಒಂದು ನೀರಿನ ಟ್ಯಾಂಕು ಭೂಕಂಪವಾದರೆ ಹೇಗೆ ಅಲುಗಾಡುತ್ತದೆ, ಅದರ ಕಂಬಗಳು ತಡೆಯುತ್ತವೆಯೇ ಎಂದು ಲೆಕ್ಕ ಹಾಕಿ ತೋರಿಸಬೇಕಿತ್ತು. ಆ ಲೆಕ್ಕ ಮಾಡುವ ಸಾಫ್ಟ್‌ವೇರ್ ಇದ್ದದ್ದು ವಿಜಯಪುರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮಾತ್ರ. ಗಂಡನ ಹಳೆಯ ಲ್ಯಾಪ್‌ಟಾಪು ಅದನ್ನು ಹೊರುವಷ್ಟು ಗಟ್ಟಿಯೂ ಅಲ್ಲ. ಸೋಮವಾರ ಸಂಜೆಯೊಳಗೆ ಫಲಿತಾಂಶ ಕಳಿಸದಿದ್ದರೆ ಮುಂದಿನ ವರ್ಷವೇ ಸರಿ ಎಂದು ಗೈಡ್ ಮೇಡಂ ಹೇಳಿದ್ದರು. ಕೈಯಲ್ಲಿ ಕೂಸು, ತಲೆಯ ಮೇಲೆ ಸಂಸಾರ. ಮುಂದಿನ ವರ್ಷ ಎಂದರೆ ನನ್ನ ಪಾಲಿಗೆ ಇಲ್ಲವೆಂದೇ ಅರ್ಥ. ಅದು ನನಗೂ ಗೊತ್ತಿತ್ತು, ಮೇಡಂಗೂ ಗೊತ್ತಿತ್ತು.

ದಾರಿ ತೋರಿಸಿದವರೂ ಅವರೇ. "ನೀವು ಅಲ್ಲೇ ಕುಂತು ಇಲ್ಲೀ ಕಂಪ್ಯೂಟರ್ ನಡಸ್ರಿ. ಮೂಲ್ಯಾಗಿನ ಮಷೀನ್ ನಿಮಗಂತ ಚಾಲೂ ಇಡಸ್ತೀನಿ," ಎಂದು ಫೋನಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಜೋಡಿಸುವುದನ್ನು ಹೇಳಿಕೊಟ್ಟರು. ಕೋಣೆಯೊಳಗೆ ಮಾತಾಡುವಷ್ಟು ಸಿಗ್ನಲ್ ಇದ್ದರೂ ಇಂಟರ್ನೆಟ್ ಬರುತ್ತಿರಲಿಲ್ಲ. ಕಿಟಕಿ ತೆರೆಯಲು ಅವ್ವ ಸುತರಾಂ ಒಪ್ಪಲಿಲ್ಲ. ಕೊನೆಗೆ ಅಪ್ಪ ನನ್ನ ಫೋನನ್ನು ಒಂದು ಬಟ್ಟೆಯ ಚೀಲದಲ್ಲಿ ಹಾಕಿ ಹೊರಗಿನಿಂದ ಕಿಟಕಿಯ ಸರಳಿಗೆ ಕಟ್ಟಿದ. ಅದರ ಹಾಟ್‌ಸ್ಪಾಟಿನಿಂದ ಒಳಗಿನ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಸಿಕ್ಕಿತು.

ಭಾನುವಾರ ಮೊದಲ ಸಲ ಪಾಸ್‌ವರ್ಡ್ ಒತ್ತಿದೆ. ಪರದೆ ಕಪ್ಪಾಗಿ, ಸ್ವಲ್ಪ ತಡೆದು, ನಿಧಾನವಾಗಿ ಬೆಳಗಿತು. ಅದು ಲ್ಯಾಬಿನ ಕಂಪ್ಯೂಟರು! ತುಂಬಿದ ಹೊಟ್ಟೆ ಹೊತ್ತು ಹೊರಡುವಾಗ ನಾನು ಬಿಟ್ಟು ಬಂದ ಫೈಲುಗಳು ಬಿಟ್ಟಲ್ಲೇ ಇದ್ದವು. ಇಲ್ಲಿ ಬೆರಳು ಸರಿಸಿದರೆ ಅಲ್ಲಿ ಬಾಣ ಸರಿಯುತ್ತಿತ್ತು. ಭಾನುವಾರ ಲ್ಯಾಬಿಗೆ ಬೀಗ. ಒಳಗೆ ನರಪಿಳ್ಳೆ ಇಲ್ಲ. ಆ ಖಾಲಿ ಕೋಣೆಯಲ್ಲಿ ನನ್ನ ಟ್ಯಾಂಕು ಎದ್ದು ನಿಂತಿತ್ತು. ಅದನ್ನು ಹೊರಳಿಸಿ ಹೊರಳಿಸಿ ನೋಡಿದೆ. ಬೆಳ್ಳುಳ್ಳಿ, ಅಜವಾನದ ವಾಸನೆಯ ನಡುವೆ ಕುಳಿತು, ಹೊಸ್ತಿಲು ದಾಟದೆ ನಾನು ಕಾಲೇಜಿಗೆ ಹೋಗಿದ್ದೆ. ಅಷ್ಟು ಸಂತೋಷ ಬಹಳ ದಿನಗಳಿಂದ ಆಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಆ ಕಂಪ್ಯೂಟರನ್ನು ಕೊನೆಯ ಲೆಕ್ಕಕ್ಕೆ ಹಚ್ಚಿದೆ. ಅದು ಮುಗಿಯಲು ಮಧ್ಯಾಹ್ನ ದಾಟುತ್ತಿತ್ತು. ಕಣ್ಣು ಕೀಳದೆ ನೋಡುತ್ತ ಕುಳಿತವಳು, ಕೂಸಿಗೆ ಹಾಲು ಕೊಡುತ್ತ ಯಾವಾಗ ನಿದ್ದೆ ಹೋದೆನೋ ತಿಳಿಯದು. ಎಚ್ಚರಾದಾಗ ಹೊತ್ತು ಇಳಿದಿತ್ತು. ಲ್ಯಾಪ್‌ಟಾಪು ಇಲ್ಲ. ಕಿಟಕಿಯ ಫೋನೂ ಇಲ್ಲ. ಅವ್ವ ಎರಡನ್ನೂ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದ್ದಳು.

"ಬಾಣಂತಿ ಕಣ್ಣು ಹಸೀ ಇರ್ತಾವ. ಹಿಂಗ ಬೆಳಕ ನೋಡಿದ್ರ ಮುಂದ ಸೂಜಿಗೆ ದಾರ ಪೋಣಸಾಕೂ ಆಗೂದಿಲ್ಲ ನೋಡ," ಎಂದಳು.

"ನನ್ನ ಎರಡು ವರ್ಷದ ಕೆಲಸ ಮಣ್ಣಾಗ ಹಾಕ್ದಿ ಬೇ!" ಎಂದು ಕಿರುಚಿದೆ. ಹೊಲಿಗೆ ಮಷೀನಿನ ಪೆಡಲಿನಿಂದ ಕಾಲು ತೆಗೆದರೆ ಸೂಜಿ ನಿಲ್ಲುವ ಹಾಗೆ, ಇಲ್ಲಿ ಮುಚ್ಚಿದರೆ ಅಲ್ಲೂ ಎಲ್ಲ ನಿಂತಿತೆಂದೇ ತಿಳಿದಿದ್ದೆ. ಮತ್ತೆ ಮೊದಲಿನಿಂದ ಹಚ್ಚಿದರೆ ಸಂಜೆಯೊಳಗೆ ಮುಗಿಯುವಂತಿರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ಬಾಣಂತಿ ಅತ್ತರೆ ಹಾಲು ಬತ್ತುತ್ತದೆಂದು ಗಾಬರಿಯಾದ ಅವ್ವ ಬೀಗ ತೆಗೆದಳು. ಅಪ್ಪ ಫೋನು ಒಯ್ದು ಕಟ್ಟಿದ.

ಪಾಸ್‌ವರ್ಡ್ ಒತ್ತಿದೆ. ಪರದೆ ಕಪ್ಪಾಯಿತು, ಬೆಳಗಿತು. ನಡುವೆ ಒಂದು ಸಣ್ಣ ಚೌಕದಲ್ಲಿ 'ಅನಾಲಿಸಿಸ್ ಕಂಪ್ಲೀಟ್' ಎಂದಿತ್ತು.

ನಾನು ನೋಡದಿದ್ದಾಗಲೂ, ನಿದ್ದೆ ಹೋದಾಗಲೂ, ಟ್ರಂಕಿನ ಬೀಗ ಬಿದ್ದ ಮೇಲೂ ಅದು ತನ್ನ ಪಾಡಿಗೆ ಲೆಕ್ಕ ಮಾಡುತ್ತಲೇ ಇತ್ತು. ಮುಚ್ಚಿದ್ದು ನನ್ನ ಕಿಟಕಿ ಮಾತ್ರ. ಟ್ಯಾಂಕು ಪರದೆಯ ಮೇಲೆ ಓಲಾಡಿ, ಓಲಾಡಿ, ಕಡೆಗೆ ನಿಂತುಕೊಂಡಿತು. ಕಂಬಗಳು ತಡೆದಿದ್ದವು.

"ಏನಾತ ಬೇ?" ಎಂದಳು ಅವ್ವ, ಹೆದರುತ್ತಲೇ.

"ಮುಗದೈತಿ ಯವ್ವಾ. ನಾ ಮಲಗಿದ್ದಾಗ ಅದ ಮಾಡಿ ಮುಗಿಸೈತಿ."

ಅವ್ವ ಪರದೆ ನೋಡಿದಳು. "ಹಂಗಾದ್ರ ನಿನ್ನಿಯಿಂದ ಮಲಗಾಕ ನಿನಗೇನ ಧಾಡಿ ಆಗಿತ್ತು?" ಎಂದು ಬೈದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಫಲಿತಾಂಶ ಕಳಿಸಿ ಅಳ್ವಿ ಪಾಯಸ ಕುಡಿದು ಮಲಗಿದೆ.

ಬಾಣಂತನ ಮುಗಿದ ಮೇಲೆ ಪರೀಕ್ಷಕರ ಮುಂದೆ ಪ್ರಾಜೆಕ್ಟು ಹೇಳಲು ಕಾಲೇಜಿಗೆ ಹೋದಾಗ, ಕೂಸನ್ನು ಎತ್ತಿಕೊಂಡು ಅವ್ವನೂ ಬಂದಳು. ಎಲ್ಲ ಚೆನ್ನಾಗಿಯೇ ಆಯಿತು. ಹೊರಡುವಾಗ, "ಆ ಮಷೀನ್ ಎಲ್ಲೈತಿ, ತೋರಸು," ಎಂದಳು. ಲ್ಯಾಬಿನ ಮೂಲೆಯಲ್ಲಿ ಅದು ಧೂಳು ಹೊತ್ತು ಕುಳಿತಿತ್ತು. ಮಾನಿಟರ್ ಆರಿತ್ತು, ಡಬ್ಬದ ಸಣ್ಣ ಹಸಿರು ದೀಪವೊಂದು ಉರಿಯುತ್ತಿತ್ತು. ಮೇಲೆ 'ಆಫ್ ಮಾಡಬೇಡಿ' ಎಂದು ಬರೆದ ಚೀಟಿ ಇನ್ನೂ ಅಂಟಿಕೊಂಡಿತ್ತು.

ಅವ್ವ ಕೂಸನ್ನು ನನ್ನ ಕೈಗೆ ಕೊಟ್ಟಳು. ಬಾಗಿ, ಎರಡೂ ಅಂಗೈಗಳಿಂದ ಆ ಡಬ್ಬವನ್ನು ಮೇಲಿನಿಂದ ಕೆಳಗೆ ಸವರಿ, ಬೆರಳು ಮಡಚಿ ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು. ದಿನಾ ಸಂಜೆ ನನ್ನ ಮಗಳಿಗೆ ದೃಷ್ಟಿ ತೆಗೆಯುತ್ತಿದ್ದುದೂ ಹೀಗೆಯೇ. ಲ್ಯಾಬಿನ ಹುಡುಗಿಯರು ಕೀಲಿಮಣೆಯ ಮೇಲಿನ ಕೈ ನಿಲ್ಲಿಸಿ ನೋಡಿದರು.

"ನನ್ನ ಮಗಳು ಮಲಗಿದ್ದಾಗ ನೀ ದುಡದಿ ಯಪ್ಪಾ," ಎಂದಳು ಅದಕ್ಕೆ.