ತಟ್ಟ ಎಂದರೆ ಬುಟ್ಟಿ

ನಾನು ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಮೂರನೆಯ ವರ್ಷ ಒಂದು ಹಾಡು ಎಲ್ಲೆಲ್ಲೂ ಕೇಳುತ್ತಿತ್ತು. ಎಂವಿಪಿ ಕಾಲೋನಿಯ ಆಟೋಗಳಲ್ಲಿ, ಮದುವೆ ಮಂಟಪಗಳಲ್ಲಿ, ಎಂಟನೇ ಕ್ಲಾಸಿನ ನನ್ನ ಮಗಳ ಬಾಯಲ್ಲಿ. ಪಲ್ಲವಿಯ ತುಂಬ ‘ತಟ್ಟಾ ತಟ್ಟಾ’. ಪ್ರಿಯಕರ ಬಾಗಿಲು ತಟ್ಟುತ್ತಿದ್ದಾನೆ ಎಂದು ಎಲ್ಲರೂ ಅರ್ಥ ಹೇಳುತ್ತಿದ್ದರು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳು ಅದನ್ನೇ ಹಾಡುವವಳಿದ್ದಳು.

“ಇದು ನಮ್ಮಜ್ಜಿ ಹಾಡು ಕಣೇ,” ಎಂದೆ. ಹೊಸಪೇಟೆ ಹತ್ತಿರದ ಹಳ್ಳಿಯಲ್ಲಿ ಅಜ್ಜಿ ಇದನ್ನು ಹಾಡುತ್ತ ನನ್ನ ಬೆನ್ನು ತಟ್ಟಿ ಮಲಗಿಸುತ್ತಿದ್ದಳು. ಆ ತಟ್ಟುವಿಕೆಯೇ ಹಾಡಿನ ಅರ್ಥವೆಂದು ನಾನು ನಂಬಿದ್ದೆ.

ಮಗಳು ನಕ್ಕಳು. “ಅಮ್ಮಾ, ಇದು ತೆಲುಗು ಪಾಟ. ನಿಮ್ಮಜ್ಜಿಗೆ ಎಲ್ಲಿಂದ ಬರ್ಬೇಕು?”

ಆ ನಗು ನಾಟಿತು. ಕನ್ನಡದಲ್ಲಿ ಶುರುಮಾಡಿದ ಮಾತನ್ನು ಅರ್ಧಕ್ಕೇ ತೆಲುಗಿಗೆ ಹೊರಳಿಸುವ ಹುಡುಗಿ ಅವಳು. ಹಾಡಿನ ಮೂಲ ತಿಳಿಯದೆ ಬಿಡುವುದಿಲ್ಲ ಎಂದು ಅಂದೇ ನಿರ್ಧರಿಸಿದೆ. ಊರಿಗೆ ಫೋನು ಮಾಡಿದರೆ ಅಮ್ಮನಿಗೆ ಒಂದೇ ಸಾಲು ನೆನಪಿತ್ತು. ಮೊಬೈಲಿನಲ್ಲಿ ಹುಡುಕಿದರೆ ‘ಜಾನಪದ’ ಎಂಬ ಒಂದು ಪದ ಸಿಕ್ಕಿತು. ನಮ್ಮ ಬ್ಯಾಂಕಿನಲ್ಲಿ ಸಿಕ್ಕವರನ್ನೆಲ್ಲ ಕೇಳಿ ನಗೆಪಾಟಲಾದೆ.

ಆಮೇಲೆ ಟ್ರೈನಿಂಗಿಗೆಂದು ಒಂದು ವಾರ ವಿಜಯವಾಡಕ್ಕೆ ಹೋದೆ. ಊಟದ ಹೊತ್ತಿನಲ್ಲಿ ಅಲ್ಲಿಯೂ ಕೇಳಿದೆ. ಎದುರು ಕೂತಿದ್ದ ಸಹೋದ್ಯೋಗಿ ತಲೆಯೆತ್ತಿ ತೆಲುಗಿನಲ್ಲಿ ಹೇಳಿದಳು: “ನಮ್ಮಮ್ಮನೂ ಹಾಡ್ತಾರೆ ಮೇಡಂ. ಟಿವಿಯಲ್ಲಿ ಬಂದ್ರೆ ಮಾತ್ರ ಸಿಟ್ಟಾಗಿ ಆಫ್ ಮಾಡಿಸ್ತಾರೆ.”

ಅಂದು ಸಂಜೆಯೇ ಭವಾನಿಪುರಂನ ಅವರ ಮನೆಗೆ ಹೋದೆ. ಎಂಬತ್ತು ದಾಟಿದ ಆ ತಾಯಿ ವರಾಂಡದಲ್ಲಿ ಕೂತಿದ್ದರು. ನಾನು ಹಾಡಿನ ಮೊದಲ ಸಾಲು ಹೇಳುತ್ತಲೇ ಕೈಯೆತ್ತಿ ತಡೆದರು.

“ತಟ್ಟ ಅಂಟೆ ಕೊಟ್ಟಡಂ ಕಾದಮ್ಮಾ. ಮಟ್ಟಿ ತಟ್ಟ.” ತಟ್ಟ ಎಂದರೆ ತಟ್ಟುವುದಲ್ಲ, ಮಣ್ಣಿನ ಬುಟ್ಟಿ ಎಂದು, ತಲೆಯ ಮೇಲೆ ಅದನ್ನು ಹೊತ್ತಂತೆ ಕೈ ಹಿಡಿದು ತೋರಿಸಿದರು.

ಹೊಸಪೇಟೆಯಲ್ಲಿ ಅಣೆಕಟ್ಟು ಕಟ್ಟುವಾಗ ಅವರ ತಾಯಿ ಅಲ್ಲಿ ಕೂಲಿಗೆ ಹೋಗಿದ್ದರಂತೆ. ತೆಲುಗಿನವರು, ಕನ್ನಡದವರು ಒಂದೇ ಸಾಲಿನಲ್ಲಿ ನಿಂತು ತಲೆಯಿಂದ ತಲೆಗೆ ಬುಟ್ಟಿ ದಾಟಿಸುತ್ತಿದ್ದರು. ಹಾಡು ನಡೆದಷ್ಟು ಬೇಗ ಕೈ ನಡೆಯಬೇಕು. ಸಾಲಿನಲ್ಲಿ ಬಸುರಿಯೋ ಬಾಣಂತಿಯೋ ಸುಸ್ತಾದರೆ, ಹಾಡುವವಳು ‘ತಟ್ಟಾ’ ಎಂಬುದನ್ನು ಉದ್ದಕ್ಕೆ ಎಳೆಯುತ್ತಿದ್ದಳು. ಕೆಲಸ ತಾನಾಗಿ ನಿಧಾನವಾಗುತ್ತಿತ್ತು. ಮೇಸ್ತ್ರಿಗೆ ಗೊತ್ತಾಗುತ್ತಿರಲಿಲ್ಲ.

“ಈಗಿನವರು ಹಾಡನ್ನ ಓಡಿಸ್ತಾರೆ,” ಎಂದರು ಅವರು, ಚಿಕ್ಕಂದಿನಲ್ಲಿ ಅಲ್ಲೇ ಕಲಿತ ಹರುಕು ಮುರುಕು ಕನ್ನಡದಲ್ಲಿ. “ನಿಧಾನ ಮಾಡೋಕೆ ಕಟ್ಟಿದ ಹಾಡು ಅದು. ಬುಟ್ಟಿ ಹೊತ್ತೂ ಹೊತ್ತೂ ನಮ್ಮಮ್ಮಗೆ ನಡುನೆತ್ತೀಲಿ ಕೂದಲೇ ಇರ್ಲಿಲ್ಲ.”

ನಮ್ಮಜ್ಜಿಗೂ ಇರಲಿಲ್ಲ. ವಯಸ್ಸಿನಿಂದ ಉದುರಿದ್ದು ಅಂದುಕೊಂಡಿದ್ದೆ. ಮದುವೆಗೆ ಮುಂಚೆ ಅವಳು ಎಲ್ಲಿ ದುಡಿದಳೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕಣ್ಣು ತುಂಬಿತು. ಆ ತಾಯಿ ಹಾಡಿದ್ದನ್ನು ಫೋನಿನಲ್ಲಿ ತುಂಬಿಕೊಂಡು ಬಂದೆ.

ಮಗಳು ಮೂರು ಸಲ ಕೇಳಿದಳು. ನಗಲಿಲ್ಲ. “ಮುತ್ತಜ್ಜಿ ಮಣ್ಣು ಹೊತ್ತಿದ್ರಾ?” ಎಂದಷ್ಟೇ ಕೇಳಿದಳು. ಮರುದಿನ ಇಬ್ಬರೂ ಶಾಲೆಗೆ ಹೋದೆವು. ಹಳೆಯ ಧಾಟಿಯಲ್ಲಿ ಹಾಡುವುದಕ್ಕೆ ಸಂಗೀತದ ಟೀಚರ್ ಒಪ್ಪಲಿಲ್ಲ. “ಹಿಟ್ ಸಾಂಗ್ ಮೇಡಂ. ನಿಧಾನವಾಗಿ ಹಾಡಿದ್ರೆ ಯಾರು ಕೂತು ಕೇಳ್ತಾರೆ?”

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: “ಹಾಗಾದ್ರೆ ನಾನು ಹಾಡಲ್ಲ, ಟೀಚರ್.”

ಎರಡು ದಿನ ಎಳೆದಾಡಿ, ಕೊನೆಗೆ ಒಂದು ಚರಣಕ್ಕೆ ಒಪ್ಪಿದರು.

ವೇದಿಕೆಯ ಮೇಲೆ ಅವಳು ತೆಲುಗಿನಲ್ಲಿ ನಾಲ್ಕು ಮಾತು ಹೇಳಿ, ವಾದ್ಯವಿಲ್ಲದೆ, ಪದವನ್ನು ಉಸಿರಿರುವಷ್ಟೂ ಎಳೆದು ಹಾಡಿದಳು. ಮುಂದಿನ ಸಾಲಿನವರು ಮೊಬೈಲು ನೋಡುತ್ತಿದ್ದರು. ಅವಳು ನಿಲ್ಲಿಸಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಶಾಲೆಯ ಆಯಾ ಒಬ್ಬಳು ಅವಳನ್ನು ಪಕ್ಕಕ್ಕೆ ಕರೆದು, ನಮಗಾರಿಗೂ ಗೊತ್ತಿಲ್ಲದ ಇನ್ನೊಂದು ಚರಣ ಹಾಡಿದಳು. ಮಗಳು ಪೆನ್ನು ಇಸಿದುಕೊಂಡು, ಅಂಗೈ ಮೇಲೆ ಅದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು.